ಲ್ಯೂಪ್ರೊಲೈಡ್ ಇಂಜೆಕ್ಷನ್ ಕೈಗೆ ಬಂದಿದೆ, ಬೈಕಾಲುಟಮೈಡ್ ಮಾತ್ರೆ ಸಿಕ್ಕಿಲ್ಲ. ಇಂಜೆಕ್ಷನ್ ಮೊದಲು ಹಾಕಿಸಬಹುದಾ?

ಬೈಂದೂರು ಬದಿ:
ಮನೆಯ ಹಿರಿಯರಿಗೆ 74 ವರ್ಷ. ಪ್ರಾಸ್ಟೇಟ್ ಕ್ಯಾನ್ಸರ್, ಪಿಎಸ್ಎ (ಈ ಕ್ಯಾನ್ಸರಿಗೆ ನೋಡುವ ರಕ್ತಪರೀಕ್ಷೆ) 186. ಬೋನ್ ಸ್ಕ್ಯಾನ್‌ನಲ್ಲಿ ಸೊಂಟದ ಎಲುಬಿಗೂ ಬೆನ್ನಿನ ಡಿ10 ಎಲುಬಿಗೂ ಹರಡಿದೆ ಅಂತ ಬಂದಿದೆ. ಚೀಟಿಯಲ್ಲಿ ಬೈಕಾಲುಟಮೈಡ್ 50 ಮಿಲಿಗ್ರಾಂ ದಿನಕ್ಕೊಂದು, ನಾಲ್ಕು ವಾರ. ಶುರು ಮಾಡಿ ಏಳು ದಿನ ಆದ ಮೇಲೆ ಲ್ಯೂಪ್ರೊಲೈಡ್ 22.5 ಮಿಲಿಗ್ರಾಂ ಅಂತ ಉಂಟು. ಇಂಜೆಕ್ಷನ್ ಮಂಗಳೂರಿನಲ್ಲಿ ತೆಗೆದುಕೊಂಡಾಯ್ತು. ಮಾತ್ರೆ ಮಾತ್ರ ಇಲ್ಲಿಯ ಅಂಗಡಿಗಳಲ್ಲಿ ಇಲ್ಲ, ನಾಲ್ಕು ದಿನ ಬಿಟ್ಟು ಬರುತ್ತದಂತೆ. ನಾಳೆ ಇಂಜೆಕ್ಷನ್ ಹಾಕಿಸಿ, ಮಾತ್ರೆ ಬಂದ ಮೇಲೆ ಕೊಟ್ಟರೆ ತೊಂದರೆ ಉಂಟಾ? ಅಲ್ಲಿಯವರೆಗೆ ಇಂಜೆಕ್ಷನ್ ಇಡುವುದು ಹೇಗೆ?

ಕೊಡಿಯಾಲ:
ಬೇಡ. ಮಾತ್ರೆ ಮೊದಲು, ಇಂಜೆಕ್ಷನ್ ಆಮೇಲೆ. ಡಿ10ರಲ್ಲಿ ಗಡ್ಡೆ ಇರುವವರಿಗೆ ಈ ಕ್ರಮವನ್ನು ಯಾವ ಕಾರಣಕ್ಕೂ ತಿರುಗಿಸಬಾರದು.

ಲ್ಯೂಪ್ರೊಲೈಡ್ ಹಾಕಿದ ತಕ್ಷಣ ಟೆಸ್ಟೊಸ್ಟೆರಾನ್ ಇಳಿಯುವುದಿಲ್ಲ, ಮೊದಲು ಏರುತ್ತದೆ. ಮೆದುಳಿನ ಹೈಪೊಥಲಾಮಸ್ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಬಿಟ್ಟು ಬಿಟ್ಟು ಕಳಿಸುತ್ತದೆ. ಹಾಗೆ ಬಂದರೆ ಮಾತ್ರ ಪಿಟ್ಯುಟರಿ ಗ್ರಂಥಿ ಓಗೊಟ್ಟು ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನನ್ನು ಸುರಿಸುತ್ತದೆ, ಆ ಎಲ್‌ಎಚ್ ವೃಷಣದಿಂದ ಟೆಸ್ಟೊಸ್ಟೆರಾನ್ ತೆಗೆಸುತ್ತದೆ. ಲ್ಯೂಪ್ರೊಲೈಡ್ ಅದೇ ಹಾರ್ಮೋನಿನ ನಕಲು, ಆದರೆ ಬಿಡುವಿಲ್ಲದೆ ಒಂದೇ ಸಮ ಒತ್ತುತ್ತದೆ. ಮೊದಲ ಒಂದೆರಡು ವಾರ ಪಿಟ್ಯುಟರಿ ಇದ್ದಬದ್ದ ಎಲ್‌ಎಚ್ ಎಲ್ಲ ಹೊರಹಾಕುತ್ತದೆ. ಆಮೇಲೆ ಅದರ ಗ್ರಾಹಕಗಳು (ಹಾರ್ಮೋನು ಬಂದು ಕೂರುವ ಜಾಗಗಳು) ಮರಗಟ್ಟಿ ಸುಮ್ಮನಾಗುತ್ತದೆ. ಟೆಸ್ಟೊಸ್ಟೆರಾನ್ ಬೇಕಾದಷ್ಟು ಕೆಳಗೆ ಬರಲು ಮೂರು–ನಾಲ್ಕು ವಾರ ಹಿಡಿಯುತ್ತದೆ.

ಆ ಮೊದಲ ಏರಿಕೆಗೆ ಫ್ಲೇರ್ ಅನ್ನುತ್ತಾರೆ. ಎಲುಬಿನ ಗಡ್ಡೆ ಅದೇ ಹೊತ್ತಿನಲ್ಲಿ ಊದಿ ಬೆನ್ನುಹುರಿಯನ್ನು ಅದುಮಬಹುದು, ಮೂತ್ರ ಕಟ್ಟಬಹುದು. ಬೈಕಾಲುಟಮೈಡ್ ಟೆಸ್ಟೊಸ್ಟೆರಾನನ್ನು ಇಳಿಸುವುದಿಲ್ಲ, ಗಡ್ಡೆಯ ಕೋಶದೊಳಗೆ ಟೆಸ್ಟೊಸ್ಟೆರಾನ್ ಕೂರುವ ಜಾಗವನ್ನು ಮೊದಲೇ ಹಿಡಿದುಕೊಳ್ಳುತ್ತದೆ. ಈ ಮಾತ್ರೆ ರಕ್ತದಲ್ಲಿ ನಿಧಾನವಾಗಿ ತುಂಬುವಂಥದ್ದು, ಅರ್ಧ ಇಳಿಯಲಿಕ್ಕೇ ಸುಮಾರು ಒಂದು ವಾರ ಬೇಕು. ಏಳು ದಿನ ಮುಂಚೆ ಶುರು ಮಾಡಿಸುವುದು ಅದಕ್ಕೇ.

ನಾಲ್ಕು ದಿನ ಕಾಯುವ ಬದಲು ಉಡುಪಿ, ಮಣಿಪಾಲದ ದೊಡ್ಡ ಮೆಡಿಕಲ್‌ಗಳಿಗೆ ಫೋನ್ ಮಾಡಿ. ಬ್ರ್ಯಾಂಡ್ ಹೆಸರು ಹಿಡಿದು ಕೇಳಬೇಡಿ, ‘ಬೈಕಾಲುಟಮೈಡ್ 50, ಯಾವ ಕಂಪನಿಯದ್ದಾದರೂ’ ಅನ್ನಿ. ತಡವಾಗುತ್ತಿರುವುದನ್ನು ಚೀಟಿ ಬರೆದ ಡಾಕ್ಟರಿಗೂ ತಿಳಿಸಿ. ಬೆನ್ನೆಲುಬಿನ ಅಪಾಯ ಹೆಚ್ಚು ಅಂತ ಅವರಿಗೆ ಅನಿಸಿದರೆ ಡೆಗಾರೆಲಿಕ್ಸ್ ಎಂಬ ಬೇರೆ ಇಂಜೆಕ್ಷನ್ನಿಗೆ ಬದಲಿಸಬಹುದು: ಮೊದಲ ದಿನ 120 ಮಿಲಿಗ್ರಾಮಿನ ಎರಡು ಇಂಜೆಕ್ಷನ್, ಆಮೇಲೆ 28 ದಿನಕ್ಕೊಮ್ಮೆ 80. ಅದು ಗ್ರಾಹಕವನ್ನೇ ಮುಚ್ಚುವುದರಿಂದ ಫ್ಲೇರ್ ಇಲ್ಲ. ವೃಷಣ ತೆಗೆಯುವ ಚಿಕ್ಕ ಶಸ್ತ್ರಚಿಕಿತ್ಸೆಯಲ್ಲೂ ಫ್ಲೇರ್ ಇಲ್ಲ, ಗಂಟೆಗಳ ಲೆಕ್ಕದಲ್ಲಿ ಟೆಸ್ಟೊಸ್ಟೆರಾನ್ ಬೀಳುತ್ತದೆ, ಒಂದೇ ಸಲದ ಖರ್ಚು. ಹೆಸರು ಕೇಳಿಯೇ ಹಿಂದೆ ಸರಿಯಬೇಡಿ. ಮೂರು ತಿಂಗಳಿಗೊಮ್ಮೆ ಬೈಂದೂರಿನಿಂದ ಬಂದು ಹೋಗುವುದು ಕಷ್ಟ ಅನ್ನುವ ಮನೆಗಳಿಗೆ ಅದು ನಿಜವಾಗಿ ಒಳ್ಳೆಯ ದಾರಿ.

ಇಷ್ಟರಲ್ಲಿ ಕಾಲು ಸೋತರೆ, ಮೆಟ್ಟಿಲು ಹತ್ತಲಾಗದಿದ್ದರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರ ನಿಂತರೆ ಬೆಳಗಾಗುವುದನ್ನು ಕಾಯಬೇಡಿ. ಎಂಆರ್‌ಐ ಇರುವ ಆಸ್ಪತ್ರೆಗೆ ಆವತ್ತೇ ಹೋಗಿ.

ಪಡುಬಿದ್ರಿ ಔಷಧಿ:
ಇಡುವ ವಿಷಯ. ಎಲ್ಲ ಲ್ಯೂಪ್ರೊಲೈಡ್ ಒಂದೇ ಅಲ್ಲ. ಪುಡಿ ರೂಪದ ಕೆಲವು ಬ್ರ್ಯಾಂಡ್ 25 ಡಿಗ್ರಿಯಲ್ಲಿ ಇಡುವಂಥದ್ದು, ಚರ್ಮದಡಿ ಕೊಡುವ ಜೆಲ್ ಬಗೆಯದ್ದು 2ರಿಂದ 8 ಡಿಗ್ರಿ. ಬಾಕ್ಸಿನ ಮೇಲೆ ಏನಿದೆಯೋ ಅದೇ ಕೊನೆಯ ಮಾತು. 25 ಡಿಗ್ರಿ ಅಂತ ಇದ್ದರೂ ನಮ್ಮ ಕರಾವಳಿಯ ಏಪ್ರಿಲ್–ಮೇ ಸೆಕೆಯಲ್ಲಿ ಕಪಾಟು ಅಷ್ಟು ತಣ್ಣಗಿರುವುದಿಲ್ಲ, ಎಲ್ಲಿಡಬೇಕು ಅಂತ ಕೊಟ್ಟ ಅಂಗಡಿಯಲ್ಲೇ ಕೇಳಿ.

ಫ್ರಿಜ್‌ನಲ್ಲಾದರೆ ನಡುವಿನ ತಟ್ಟೆಯಲ್ಲಿಡಿ. ಬಾಗಿಲಲ್ಲೂ ಬೇಡ, ಫ್ರೀಜರಿನ ಕೆಳಗೆ ತಾಗಿಸಿಯೂ ಬೇಡ. ಬಸ್ಸಿನಲ್ಲಿ ತರುವವರು ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ತುಂಬಿ ಅದರ ಮೇಲೆ ಬಾಕ್ಸ್ ಕೂರಿಸುತ್ತಾರೆ, ಅದು ದೊಡ್ಡ ತಪ್ಪು. ಹೆಪ್ಪುಗಟ್ಟಿದರೆ ಔಷಧಿ ಕೆಟ್ಟಂತೆಯೇ. ಜೆಲ್ ಪ್ಯಾಕ್, ಅದರ ಮೇಲೆ ಮಡಚಿದ ನ್ಯೂಸ್‌ಪೇಪರ್, ಆಮೇಲೆ ಬಾಕ್ಸ್.

ಕೊಡುವಾಗ ಬಾಕ್ಸಿನೊಳಗಿನ ದ್ರಾವಕವೇ ಆಗಬೇಕು, ಡಿಸ್ಟಿಲ್ಡ್ ವಾಟರ್ ಅಥವಾ ಸಲೈನ್ ಸೇರಿಸುವಂತಿಲ್ಲ. ಪುಡಿಯ ಬಗೆ ಕಲಸಿದಾಗ ಹಾಲಿನ ಹಾಗೆ ಒಂದೇ ಸಮ ಕಾಣಬೇಕು. ಒಂದೆರಡು ನಿಮಿಷ ಸುಮ್ಮನೆ ಇಟ್ಟರೆ ಕಣ ತಳಕ್ಕೆ ಕೂತು ಸೂಜಿ ಕಟ್ಟುತ್ತದೆ, ಡೋಸ್ ಪೂರ್ತಿ ಒಳಗೆ ಹೋಗದೆ ಸಿರಿಂಜಿನಲ್ಲೇ ಉಳಿಯಬಹುದು. ರೋಗಿಯನ್ನು ಮಲಗಿಸಿ, ಜಾಗ ಒರೆಸಿ ಆದ ಮೇಲೆಯೇ ಕಲಸಲಿಕ್ಕೆ ಹೇಳಿ. ರಕ್ತ ತೆಳುವಾಗುವ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ತಿಳಿಸಿ. ಸ್ನಾಯುವಿಗೆ ಚುಚ್ಚಿದಾಗ ಒಳಗೇ ರಕ್ತ ಸೋರಿ ಬಾವು ಬರಬಹುದು, ವಾರ್ಫರಿನ್ ಆದರೆ ಬೈಕಾಲುಟಮೈಡ್ ಅದರ ಜೋರನ್ನೂ ಹೆಚ್ಚಿಸುತ್ತದೆ.

ಬೈಂದೂರು ಬದಿ:
ಮಣಿಪಾಲದಲ್ಲಿ ಮಾತ್ರೆ ಸಿಕ್ಕಿತು, ಇವತ್ತು ರಾತ್ರಿಯಿಂದ ಶುರು. ಬಾಕ್ಸಿನಲ್ಲಿ 2–8 ಡಿಗ್ರಿ ಅಂತ ಉಂಟು, ನಡುವಿನ ತಟ್ಟೆಯಲ್ಲಿಟ್ಟೆವು. ಇಂಜೆಕ್ಷನ್ ಕೆಲಸ ಮಾಡಿದೆ ಅಂತ ಗೊತ್ತಾಗುವುದು ಪಿಎಸ್ಎಯಿಂದ ತಾನೇ?

ಕೊಡಿಯಾಲ:
ಪಿಎಸ್ಎ ಒಂದರಿಂದಲೇ ಅಲ್ಲ. ಟೆಸ್ಟೊಸ್ಟೆರಾನ್ ಕೂಡ ನೋಡಬೇಕು, ಹೆಚ್ಚಿನವರು ಅದನ್ನೇ ಬಿಡುತ್ತಾರೆ. ಇಂಜೆಕ್ಷನ್ ಹಾಕಿ ನಾಲ್ಕು ವಾರ ಆದಾಗ ಒಮ್ಮೆ, ಮತ್ತೆ ಎರಡನೇ ಇಂಜೆಕ್ಷನ್ ಹಾಕುವ ಮುಂಚೆ ಅದೇ ದಿನ ಒಮ್ಮೆ ರಕ್ತ ಕೊಡಿ. ಮೂರು ತಿಂಗಳು ಪೂರ್ತಿ ಔಷಧಿ ಉಳಿದಿತ್ತಾ ಅಂತ ಆ ಎರಡನೆಯದ್ದೇ ತೋರಿಸುತ್ತದೆ. ಡೆಸಿಲೀಟರಿಗೆ 50 ನ್ಯಾನೊಗ್ರಾಮಿಗಿಂತ ಕೆಳಗಿರಬೇಕು, 20ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು. ರಿಪೋರ್ಟಿನಲ್ಲಿ ಅಳತೆ ಯಾವುದು ಅಂತ ನೋಡಿ: ಕೆಲವು ಲ್ಯಾಬ್ ಮಿಲಿಲೀಟರ್ ಲೆಕ್ಕದಲ್ಲಿ 0.32 ಅಂತ ಕೊಡುತ್ತವೆ, ಅದು 32 ಆಯಿತು. ‘0.8 ಅಂದರೆ ತುಂಬ ಕಡಿಮೆ’ ಅಂದುಕೊಂಡರೆ ಮೋಸ, ಅದು 80. ಮುಂದೆ ಯಾವತ್ತಾದರೂ ಪಿಎಸ್ಎ ಏರಿದರೆ ಔಷಧಿ ಸೋತಿತು ಅನ್ನುವ ಮುಂಚೆ ಈ ಟೆಸ್ಟೊಸ್ಟೆರಾನ್ ಸಂಖ್ಯೆ ನೋಡಬೇಕು.

ಮುಂದಿನ ಡೋಸನ್ನು ‘ಮೂರು ತಿಂಗಳು’ ಅಂತ ಬಾಯಲ್ಲಿ ಇಟ್ಟುಕೊಳ್ಳಬೇಡಿ. 84 ದಿನ ಎಣಿಸಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಬೈಕಾಲುಟಮೈಡ್ ತಿನ್ನುವಷ್ಟು ದಿನ ಲಿವರ್ ಟೆಸ್ಟ್ ಕೂಡ ಬೇಕು.

ಮಲ್ಪೆ ತೀರ:
ಎಲುಬಿನ ಮಾತು ಸೇರಿಸುತ್ತೇನೆ. ಟೆಸ್ಟೊಸ್ಟೆರಾನ್ ಹೋದ ಮೇಲೆ ಎಲುಬು ಟೊಳ್ಳಾಗುತ್ತದೆ. ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮ ಕುಚ್ಚಲಕ್ಕಿ ಗಂಜಿಯಲ್ಲಿ ಅದು ಇಲ್ಲವೇ ಇಲ್ಲ ಅನ್ನಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಉಂಟು, ಕೊಲ್ಲತರುವಿನಂಥ ಸಣ್ಣ ಮೀನನ್ನು ಮುಳ್ಳುಸಮೇತ ತಿಂದರೆ ಒಳ್ಳೆಯದೇ. ಉಳಿದದ್ದಕ್ಕೆ ಮಾತ್ರೆ, ಜೊತೆಗೆ ವಿಟಮಿನ್ ಡಿ. ಶುರುವಿನಲ್ಲೇ ಎಲುಬಿನ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಒಂದು ಮಾಡಿಸಿಡಿ. ಎಲುಬಿಗೆ ಕೊಡುವ ಜೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ ಕೊಡುತ್ತೇವೆ ಅಂದರೆ ಅದಕ್ಕೆ ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ, ಕೀಳಿಸುವ ಹಲ್ಲು ಇದ್ದರೆ ಮುಗಿಸಿಕೊಳ್ಳಿ. ಆ ಇಂಜೆಕ್ಷನ್ ಶುರುವಾದ ಮೇಲೆ ಹಲ್ಲು ಕಿತ್ತರೆ ದವಡೆಯ ಗಾಯ ಮಾಯದೆ ಉಳಿಯುವ ಅಪಾಯ ಉಂಟು.

ಮೈ ಒಮ್ಮೆಲೇ ಬಿಸಿಯಾಗಿ ಬೆವರುವುದು ಲ್ಯೂಪ್ರೊಲೈಡ್ ಇಂಜೆಕ್ಷನ್ನಿನ ಸಾಮಾನ್ಯ ತೊಂದರೆ. ಸೆಕೆ ಅಂದುಕೊಂಡು ಹಿರಿಯರು ಹೇಳುವುದೇ ಇಲ್ಲ, ನೀವೇ ಕೇಳಿ. ಅದಕ್ಕೆ ಔಷಧಿ ಉಂಟು. ಸಕ್ಕರೆ ಕಾಯಿಲೆ ಇದ್ದರೆ ಮೊದಲ ಕೆಲವು ತಿಂಗಳು ಶುಗರ್ ಹೆಚ್ಚು ಸಲ ನೋಡಿ, ಏರುವುದುಂಟು.