ಸಾರ್ತ್ರ್‌ನ ಸ್ವಾತಂತ್ರ್ಯಕ್ಕೂ ಅವನ ರಾಜಕೀಯಕ್ಕೂ ನಂಟು ಇದೆಯೇ?

ಹಳೇಪುಸ್ತಕ: ಫ್ರೆಂಚ್ ಚಿಂತಕ ಸಾರ್ತ್ರ್ ಬಗ್ಗೆ "ತತ್ವಜ್ಞಾನಿಯಾಗಿ ದೊಡ್ಡವನು, ರಾಜಕೀಯದಲ್ಲಿ ಎಡವಿದವನು" ಅನ್ನುವ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ನನ್ನ ತಕರಾರು ಇನ್ನೂ ಬುಡದ್ದು. ಅವನ 1943ರ ಪುಸ್ತಕ 'ಬೀಯಿಂಗ್ ಅಂಡ್ ನಥಿಂಗ್‌ನೆಸ್'ನಿಂದ ಯಾವ ರಾಜಕೀಯವೂ ಹುಟ್ಟಲಾರದು. ಅದರಲ್ಲಿನ ಉದಾಹರಣೆ ನೋಡಿ: ಬೀಗದ ಕಂಡಿಯಲ್ಲಿ ಇಣುಕುತ್ತಿದ್ದವನಿಗೆ ಹಿಂದೆ ಹೆಜ್ಜೆ ಸಪ್ಪಳ ಕೇಳಿಸುತ್ತದೆ, ಆ ಕ್ಷಣವೇ ಅವನು ಇನ್ನೊಬ್ಬರ ಕಣ್ಣಿಗೆ ಬಿದ್ದ ವಸ್ತು. ಮನುಷ್ಯ ಸಂಬಂಧದ ಮೂಲವೇ ಸಂಘರ್ಷ ಎಂದವನು ಕಾರ್ಮಿಕರ ಒಗ್ಗಟ್ಟನ್ನು ಎಲ್ಲಿಂದ ತಂದ?

ಕಾವೇರಿತೀರ: 1943ರಲ್ಲೇ ನಿಂತರೆ ನೀವು ಹೇಳಿದ್ದು ಸರಿ ಸರ್. ಆದರೆ ಅವರು ಅಲ್ಲಿ ನಿಲ್ಲಲಿಲ್ಲ. 1960ರ 'ಕ್ರಿಟಿಕ್ ಆಫ್ ಡಯಲೆಕ್ಟಿಕಲ್ ರೀಸನ್'ನ ಬಸ್ ಸಾಲನ್ನು ನೋಡಿ. ಪ್ಯಾರಿಸ್ಸಿನ ಸ್ಯಾಂ-ಜೆರ್ಮ್ಯಾಂ ಚೌಕ, ಚರ್ಚಿನ ಎದುರಿನ ನಿಲ್ದಾಣ. ಬಂದವರು ಒಬ್ಬೊಬ್ಬರೂ ಅಲ್ಲಿನ ಯಂತ್ರದಿಂದ ನಂಬರ್ ಚೀಟಿ ಹರಿದುಕೊಂಡು ನಿಲ್ಲುತ್ತಾರೆ. ಬಸ್ಸಿನಲ್ಲಿ ಜಾಗ ಕಡಿಮೆ, ಯಾರು ಹತ್ತಬೇಕು ಅನ್ನುವುದನ್ನು ಚೀಟಿ ತೀರ್ಮಾನಿಸುತ್ತದೆ. ವಯಸ್ಸು, ಕೆಲಸ, ಅವಸರ ಯಾವುದೂ ಲೆಕ್ಕಕ್ಕಿಲ್ಲ. ಯಾರಿಗೂ ಯಾರ ಮೇಲೂ ದ್ವೇಷವಿಲ್ಲ, ಆದರೂ ಪ್ರತಿಯೊಬ್ಬರೂ ಉಳಿದವರಿಗೆ ಹೆಚ್ಚಿನವರೇ, ಅಂದರೆ ಬೇಡವಾದವರೇ. ಇದಕ್ಕೆ ಅವರಿಟ್ಟ ಹೆಸರು 'ಸರಣಿ'. ನೀವು ಹೇಳಿದ ಸಂಘರ್ಷ ಇಲ್ಲಿ ಮನುಷ್ಯನ ಹಣೆಬರಹವಲ್ಲ, ಕೊರತೆಯಿಂದ ಹುಟ್ಟಿದ್ದು.

ಇದರ ಎದುರಿಗೆ ಅದೇ ಪುಸ್ತಕದಲ್ಲಿ ಫ್ರೆಂಚ್ ಕ್ರಾಂತಿಯ 1789ರ ಜುಲೈ ಇದೆ. ಸ್ಯಾಂತ್-ಆಂತ್ವಾನ್ ಕೇರಿಯ ಜನರಿಗೆ ಆಚೆ ರಾಜನ ದಂಡು, ಈಚೆ ಬ್ಯಾಸ್ಟಿಲ್ ಸೆರೆಮನೆ-ಕೋಟೆಯ ಫಿರಂಗಿ. ಅಪಾಯ ಎಲ್ಲರಿಗೂ ಒಂದೇ ಆದಾಗ ಪಕ್ಕದವನು ಹೆಚ್ಚಿನವನಾಗಿ ಉಳಿಯುವುದಿಲ್ಲ. ಅವನು ನಿಂತರೆ ನಾನೂ ನಿಲ್ಲುತ್ತೇನೆ. ಸಾಲು ಗುಂಪಾಗುವುದು ಹೀಗೆ.

ಮಲೆನಾಡಿಗ: ಅರ್ಧಕ್ಕೇ ನಿಲ್ಲಿಸಬೇಡಿ, ಮುಂದಿನದ್ದೇ ಮುಖ್ಯ. ಅಪಾಯ ಕಳೆದ ಮೇಲೆ ಗುಂಪು ಚದುರೀತು ಎಂಬ ಭಯಕ್ಕೆ ಆಣೆ ಹಾಕಿಕೊಳ್ಳುತ್ತಾರೆ. ಆಣೆ ಮುರಿದವನಿಗೆ ಶಿಕ್ಷೆ. ಬಂಧುತ್ವ, ಭೀತಿ ಎರಡೂ ಒಂದೇ ಹೊಟ್ಟೆಯಲ್ಲಿ ಹುಟ್ಟುತ್ತವೆ. ಬರಬರುತ್ತಾ ಹುದ್ದೆಗಳು ಗಟ್ಟಿಯಾಗಿ, ನಾಯಕ ಮೇಲೇರಿ, ಸದಸ್ಯರು ಮತ್ತೆ ಬಸ್ ಸಾಲಿನವರಾಗುತ್ತಾರೆ. 1956ರ ನವೆಂಬರಿನಲ್ಲಿ ಸೋವಿಯತ್ ಟ್ಯಾಂಕುಗಳು ಹಂಗೇರಿಯ ದಂಗೆ ಅಡಗಿಸಲು ಬುಡಾಪೆಸ್ಟಿಗೆ ನುಗ್ಗಿದ್ದನ್ನು ಬಹಿರಂಗವಾಗಿ ಖಂಡಿಸಿದವನೇ ಇದನ್ನು ಬರೆದದ್ದು.

ಹಳೇಪುಸ್ತಕ: ಒಪ್ಪಿದೆ, ಆದರೆ ವಿವರಣೆ ಬಂದದ್ದು ತಡವಾಗಿ. ಸೋವಿಯತ್ ಬಲವಂತದ ದುಡಿಮೆಯ ಶಿಬಿರಗಳ ಸಂಗತಿ ಅವನಿಗೆ ತಿಳಿಯದ್ದಲ್ಲ. 1950ರ ಜನವರಿಯಲ್ಲೇ ಅವನೂ ಅವನ ತತ್ವಜ್ಞಾನಿ ಗೆಳೆಯ ಮೆರ್ಲೊ-ಪಾಂಟಿಯೂ ತಮ್ಮ ಪತ್ರಿಕೆ 'ಲೆ ತಾಂ ಮಾಡೆರ್ನ್'ನಲ್ಲಿ ಅಂಥ ಶಿಬಿರಗಳಿವೆ ಎಂದು ಒಪ್ಪಿಕೊಂಡು ಬರೆದಿದ್ದರು. ಹೀಗಿದ್ದೂ 1954ರಲ್ಲಿ ರಷ್ಯಾದಿಂದ ಮರಳಿ, ಅಲ್ಲಿ ಟೀಕೆಗೆ ಪೂರ್ಣ ಸ್ವಾತಂತ್ರ್ಯವಿದೆ ಎಂದ. ಇದು ಅವನೇ ಹೆಸರಿಟ್ಟ ಆತ್ಮವಂಚನೆಯಲ್ಲವೇ?

ಕಾವೇರಿತೀರ: ಅಲ್ಲ, ಇಲ್ಲಿ ಪದ ಜಾರುತ್ತಿದೆ. 1943ರ ಪುಸ್ತಕದಲ್ಲಿ ಆತ್ಮವಂಚನೆಯ ಅಧ್ಯಾಯ ಶುರುವಾಗುವುದೇ ಸುಳ್ಳಿಗೂ ಅದಕ್ಕೂ ಇರುವ ವ್ಯತ್ಯಾಸದಿಂದ. ಸುಳ್ಳುಗಾರನಿಗೆ ನಿಜ ಗೊತ್ತು, ಅವನು ಮುಚ್ಚಿಡುವುದು ಇನ್ನೊಬ್ಬರಿಂದ. ಆತ್ಮವಂಚನೆಯಲ್ಲಿ ಮುಚ್ಚಿಡುವವನೂ ಮೋಸ ಹೋಗುವವನೂ ಒಬ್ಬನೇ. 1954ರದ್ದು ಬರೀ ಸುಳ್ಳು. 1975ರ ಸಂದರ್ಶನದಲ್ಲಿ ಅವರೇ ಹಾಗೆ ಒಪ್ಪಿಕೊಂಡರು. ಅದನ್ನು ಸಮರ್ಥಿಸಲು ನಾನೂ ತಯಾರಿಲ್ಲ.

ನಿಜವಾದ ತಪ್ಪು ಹುಡುಕಬೇಕಾದ್ದು 1952ರ 'ಕಮ್ಯುನಿಸ್ಟರು ಮತ್ತು ಶಾಂತಿ' ಲೇಖನದಲ್ಲಿ. ಕಮ್ಯುನಿಸ್ಟ್ ಪಕ್ಷವಿಲ್ಲದೆ ಕಾರ್ಮಿಕ ವರ್ಗ ಧೂಳಾಗಿ ಚದುರುತ್ತದೆ ಎಂಬ ವಾದ ಅಲ್ಲಿದೆ. 1955ರಲ್ಲಿ ಮೆರ್ಲೊ-ಪಾಂಟಿ ಇದನ್ನು 'ಅತಿ-ಬೋಲ್ಶೆವಿಕತೆ' (ಲೆನಿನ್‌ನ ಬೋಲ್ಶೆವಿಕರನ್ನೂ ಮೀರಿದ ಪಕ್ಷನಿಷ್ಠೆ) ಎಂದು ಝಾಡಿಸಿದರು. ಐದು ವರ್ಷ ಕಳೆದು ಬಂದ ಬ್ಯಾಸ್ಟಿಲ್ ಪುಟಗಳಲ್ಲಿ ಪಕ್ಷದ ಸುಳಿವೇ ಇಲ್ಲ. ಗೆಳೆಯನ ಟೀಕೆಗೆ ಅದೇ ಉತ್ತರ ಅಂತ ನನ್ನ ಓದು.

ಹೊಸಓದು: ಇದನ್ನೆಲ್ಲ ಓದಲು ಯಾವುದರಿಂದ ಶುರು ಮಾಡಲಿ? 1945ರ ಉಪನ್ಯಾಸ 'ಎಕ್ಸಿಸ್ಟೆನ್ಷಿಯಲಿಸಂ ಈಸ್ ಎ ಹ್ಯೂಮನಿಸಂ' ಸಾಕಾ?

ಮಲೆನಾಡಿಗ: ಅದೊಂದೇ ಸಾಲದು. ತಾಯಿಯ ಜೊತೆ ಉಳಿಯಲೋ ಇಂಗ್ಲೆಂಡಿಗೆ ಹೋಗಿ ಸೇನೆ ಸೇರಲೋ ಎಂದು ಕೇಳಿದ ವಿದ್ಯಾರ್ಥಿಗೆ 'ನೀನು ಸ್ವತಂತ್ರ, ಆರಿಸಿಕೋ' ಎಂದ ಪ್ರಸಂಗ ಅದರಲ್ಲಿದೆ. ಅಷ್ಟೇ ಓದಿದವರು ಅದನ್ನು 'ಮನಸ್ಸಿಗೆ ಬಂದದ್ದು ಮಾಡು' ಎಂದು ತಿಳಿದುಬಿಡುತ್ತಾರೆ. ಮೊದಲು 1943ರ ಪುಸ್ತಕದ ಆತ್ಮವಂಚನೆಯ ಅಧ್ಯಾಯ ಓದಿ, ಮೊದಲ ಭಾಗದಲ್ಲಿ ಎರಡನೆಯದು. ಆಮೇಲೆ 1957ರ ಪ್ರಬಂಧ 'ಸರ್ಚ್ ಫಾರ್ ಎ ಮೆಥಡ್'. 'ಕ್ರಿಟಿಕ್' ಅನ್ನು ಮೊದಲ ಪುಟದಿಂದ ಹಿಡಿದರೆ ಮುನ್ನುಡಿಯಲ್ಲೇ ಸುಸ್ತಾಗುತ್ತೀರಿ. ನೇರ ಬಸ್ ಸಾಲಿಗೆ ಹೋಗಿ, ಅಲ್ಲಿಂದ ಬ್ಯಾಸ್ಟಿಲ್ಲಿಗೆ.