ಪುರಸಭೆ ಮಳಿಗೆಯಲ್ಲೇ ಹುಡುಗರಿಗೆ ವೇಪ್ ಮಾರುತ್ತಿದ್ದಾರೆ, ಯಾರನ್ನು ಕೇಳಬೇಕು?

ಇಬ್ಬರು ಮಕ್ಕಳ ಅಮ್ಮ:

ನಮ್ಮದು ದಾವಣಗೆರೆ ಜಿಲ್ಲೆಯ ಒಂದು ಪುರಸಭೆ ಊರು. ಹೆಸರು ಬರೆಯುವುದಿಲ್ಲ, ಚಿಕ್ಕ ಊರು, ಯಾರು ಬರೆದದ್ದು ಅಂತ ಸಂಜೆಯೊಳಗೆ ಗೊತ್ತಾಗಿಬಿಡುತ್ತದೆ.

ಮಾವಿನ ಹಣ್ಣಿನ ಕಾಲವೇ ಅಲ್ಲ, ಆದರೆ ಒಂದು ವಾರದಿಂದ ಮನೆಯ ಬಚ್ಚಲಲ್ಲಿ ಮಾವಿನ ಹಣ್ಣಿನ ವಾಸನೆ ಬರುತ್ತಿತ್ತು. ಮಗ ಹತ್ತನೇ ಕ್ಲಾಸು. ಹೊಸ ಸೋಪು ಇರಬೇಕು ಅಂದುಕೊಂಡೆ. ಆಮೇಲೆ ಅವನ ಜಾಮಿಟ್ರಿ ಬಾಕ್ಸಿನಲ್ಲಿ ಹೈಲೈಟರ್ ಪೆನ್ನಿನಂಥದ್ದು ಸಿಕ್ಕಿತು, ಅಡಿಯಲ್ಲಿ ಚಾರ್ಜಿಂಗ್ ತೂತು. ಕೇಳಿದರೆ ಮೊದಲು ಪೆನ್‌ಡ್ರೈವ್ ಅಂದ, ಆಮೇಲೆ ಅತ್ತುಬಿಟ್ಟ. ವೇಪ್ ಅಂತೆ, ಅಂದರೆ ಬ್ಯಾಟರಿಯ ಇ-ಸಿಗರೇಟು. ನನಗೆ ಆ ಪದವೇ ಗೊತ್ತಿರಲಿಲ್ಲ.

ಎಲ್ಲಿ ತಂದೆ ಅಂದರೆ ಬಸ್‌ಸ್ಟ್ಯಾಂಡ್ ಹತ್ತಿರದ ವಾಣಿಜ್ಯ ಮಳಿಗೆ ಸಾಲಿನ ಒಂದು ಅಂಗಡಿ ಹೇಳಿದ. ಮುಂದೆ ಮೊಬೈಲ್ ಕವರು, ಇಯರ್‌ಫೋನು ನೇತುಹಾಕಿದ್ದಾರೆ, ಒಳಗೆ ಕೇಳಿದವರಿಗೆ ಇದನ್ನು ಕೊಡುತ್ತಾರೆ. ಆ ಕಟ್ಟಡ ಯಾರದು ಗೊತ್ತಾ? ಪುರಸಭೆಯದೇ. ನಾವು ಕಂದಾಯ ಕಟ್ಟಿ ಸಾಕುತ್ತಿರುವ ಕಟ್ಟಡ. ಮಳಿಗೆ ಹಿಂದಿನ ಬೀದಿದೀಪ ಕೆಟ್ಟು ನಾಲ್ಕು ತಿಂಗಳಾಯಿತು, ಸಂಜೆ ಆ ಕತ್ತಲಲ್ಲಿ ಹುಡುಗರು ನಿಂತಿರುತ್ತಾರೆ.

ಪುರಸಭೆಗೆ ಹೋಗಿ ಬಾಯಲ್ಲಿ ಹೇಳಿದೆ. ಅದು ಪೊಲೀಸರಿಗೆ ಸಂಬಂಧಪಟ್ಟಿದ್ದು ಅಂದರು. ಠಾಣೆಯಲ್ಲಿ, ಅಂಗಡಿ ಲೈಸೆನ್ಸು ಕೊಡುವವರು ಅವರೇ ಅಲ್ವಾ, ಅಲ್ಲೇ ಕೇಳಿ ಅಂದರು. ಎರಡು ಸಲ ಓಡಾಡಿದೆ. ದೀಪದ ವಿಷಯಕ್ಕಂತೂ ಸ್ಟಾಕ್ ಬಂದಿಲ್ಲ ಅನ್ನುವುದು ಬಿಟ್ಟರೆ ಬೇರೆ ಉತ್ತರ ಇಲ್ಲ. ಶಾಲೆಯ ಹತ್ತಿರ, ಚಿಕ್ಕ ಮಕ್ಕಳಿಗೆ ಮಾರುತ್ತಿದ್ದಾರೆ ಅಂತ ದೂರು ಬರೆಯಬೇಕು ಅಂದುಕೊಂಡಿದ್ದೇನೆ. ಯಾರಿಗೆ ಬರೆಯಬೇಕು, ಗೊತ್ತಿದ್ದವರು ಹೇಳಿ.

ವಿದ್ಯಾನಗರದ ಹಿರಿಯ:

ಮೇಡಂ, ದೂರಿನಲ್ಲಿ "ಶಾಲೆಯ ಹತ್ತಿರ", "ಚಿಕ್ಕ ಮಕ್ಕಳಿಗೆ" ಅನ್ನುವುದನ್ನೇ ಮುಖ್ಯ ಮಾಡಬೇಡಿ. ಅದು ಬೀಡಿ ಸಿಗರೇಟಿನ ಕಾನೂನು. ನಮ್ಮ ರಾಜ್ಯದಲ್ಲಿ 2025ರ ತಿದ್ದುಪಡಿಯಾದ ಮೇಲೆ 21 ವರ್ಷದೊಳಗಿನವರಿಗೆ ಸಿಗರೇಟು ಮಾರುವಂತಿಲ್ಲ, ಶಾಲೆ ಕಾಲೇಜಿನಿಂದ 100 ಮೀಟರ್ ಒಳಗೂ ಮಾರುವಂತಿಲ್ಲ. ಹಾಗೆ ಬರೆದರೆ ಅಂಗಡಿಯವನು ನನ್ನದು 100 ಮೀಟರ್ ದಾಟಿದೆ, ಆ ಹುಡುಗನಿಗೆ ನಾನು ಕೊಟ್ಟೇ ಇಲ್ಲ ಅನ್ನುತ್ತಾನೆ. ಜಗಳ ಟೇಪು ಹಿಡಿದು ಅಳೆಯುವುದಕ್ಕೆ ಹೋಗುತ್ತದೆ.

ವೇಪ್ ವಿಷಯವೇ ಬೇರೆ. ಅದನ್ನು 60 ವರ್ಷದ ನನಗೂ ಮಾರುವಂತಿಲ್ಲ. ಇ-ಸಿಗರೇಟ್ ನಿಷೇಧ ಕಾಯ್ದೆ 2019ರಲ್ಲೇ ಇಡೀ ದೇಶಕ್ಕೆ ಬಂದಿದೆ. ತಯಾರಿ, ಆಮದು, ಸಾಗಣೆ, ಮಾರಾಟ, ಜಾಹೀರಾತು, ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಪಿಎಸ್‌ಐ ದರ್ಜೆಯಿಂದ ಮೇಲಿನ ಪೊಲೀಸ್ ಅಧಿಕಾರಿ ಒಳಗೆ ಹೋಗಿ ಹುಡುಕಿ ಜಪ್ತಿ ಮಾಡಬಹುದು. ಆದ್ದರಿಂದ ಠಾಣೆಯವರು ಪುರಸಭೆ ಕಡೆ ಕೈ ತೋರಿಸುವುದು ಸರಿಯಲ್ಲ.

ಇನ್ನು ಪುರಸಭೆ. ಇದು ಯಾರೂ ಗಮನಿಸದ ಮಾತು. ಅದೇ ಕಾಯ್ದೆಯ 5ನೇ ಕಲಂ ಪ್ರಕಾರ ಯಾವುದೇ ಜಾಗದ ಮಾಲೀಕನಾಗಲಿ, ಅದನ್ನು ಬಳಸುವವನಾಗಲಿ, ಗೊತ್ತಿದ್ದೂ ಅಲ್ಲಿ ಇ-ಸಿಗರೇಟ್ ದಾಸ್ತಾನಿಗೆ ಬಿಡುವಂತಿಲ್ಲ. ಬಿಟ್ಟರೆ ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. "ಗೊತ್ತಿದ್ದೂ" ಅನ್ನುವುದೇ ಮುಖ್ಯ. ನೀವು ಬಾಯಲ್ಲಿ ಹೇಳಿದ್ದಕ್ಕೆ ದಾಖಲೆ ಇಲ್ಲ, ಅವರಿಗೆ ಗೊತ್ತೇ ಇಲ್ಲ ಅಂತ ಆಗುತ್ತದೆ. ಮುಖ್ಯಾಧಿಕಾರಿಗಳ ಹೆಸರಿಗೆ ಅರ್ಜಿ ಬರೆಯಿರಿ, ಮಳಿಗೆ ನಂಬರ್ ಹಾಕಿ, ಕಚೇರಿಯ ಟಪಾಲು ವಿಭಾಗದಲ್ಲಿ ಕೈಯಾರೆ ಕೊಟ್ಟು ನಿಮ್ಮ ಪ್ರತಿ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಅವತ್ತಿನಿಂದ ಅವರಿಗೆ ಗೊತ್ತಿದೆ. ಅದರದೇ ಪ್ರತಿ ದಾವಣಗೆರೆಯ ಡಿಸಿ ಕಚೇರಿಯಲ್ಲಿರುವ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ ಕಳಿಸಿ, ಪುರಸಭೆಗಳ ಮೇಲುಸ್ತುವಾರಿ ಅಲ್ಲಿಯದು. ಇನ್ನೊಂದು ಪ್ರತಿ ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಕಚೇರಿಯ ತಂಬಾಕು ನಿಯಂತ್ರಣ ಕೋಶಕ್ಕೆ. ಠಾಣೆಗೆ ಕೊಡುವ ದೂರು ಬೇರೆಯೇ ಇರಲಿ, ಎರಡನ್ನೂ ಒಂದೇ ಕಾಗದದಲ್ಲಿ ಬೆರೆಸಬೇಡಿ.

ದೀಪದ್ದು ಮೂರನೇ ಅರ್ಜಿ. ಕಂಬದ ನಂಬರ್ ಬರೆಯಿರಿ, ಅದಿಲ್ಲದಿದ್ದರೆ ಯಾವ ಕಂಬ ಅಂತ ಮತ್ತೆ ಓಡಾಡಿಸುತ್ತಾರೆ.

ಮಳಿಗೆ ಬಾಡಿಗೆದಾರ:

ನಾನು ಬೇರೆ ಊರಿನಲ್ಲಿ ಇಂಥದ್ದೇ ಮಳಿಗೆಯಲ್ಲಿ ಸ್ಟೇಷನರಿ ಇಟ್ಟಿದ್ದೇನೆ. ಹರಾಜಿನಲ್ಲಿ ಮಳಿಗೆ ಹಿಡಿದವನು ಒಬ್ಬ, ಒಳಗೆ ಕೂತು ವ್ಯಾಪಾರ ಮಾಡುವವನು ಇನ್ನೊಬ್ಬ, ಇದು ಎಲ್ಲಾ ಕಡೆ ನಡೆಯುತ್ತಿದೆ. ಪುರಸಭೆಗೆ ಕಟ್ಟುವ ಬಾಡಿಗೆ ಕಡಿಮೆ, ಒಳಬಾಡಿಗೆ ಅದರ ಎಷ್ಟೋ ಪಟ್ಟು. ಆ ದುಡ್ಡು ಹುಟ್ಟಿಸಬೇಕು ಅಂದರೆ ಮೊಬೈಲ್ ಕವರ್ ಮಾರಿದರೆ ಸಾಲದು, ಹೀಗಾಗಿ ಇಂಥ ಮಾಲು ಬರುತ್ತದೆ. ತಪ್ಪು ತಪ್ಪೇ, ನಾನು ಅವನ ಪರ ಮಾತಾಡುತ್ತಿಲ್ಲ.

ಮೇಡಂ, ಪುರಸಭೆಗೆ ಒಂದು ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಆ ಮಳಿಗೆ ಯಾರ ಹೆಸರಿಗಿದೆ, ಕರಾರು ಪತ್ರದ ಪ್ರತಿ, ಉದ್ದಿಮೆ ಪರವಾನಗಿ ಯಾವ ವ್ಯಾಪಾರಕ್ಕೆ ಕೊಟ್ಟಿದ್ದಾರೆ, ಇಷ್ಟೇ ಕೇಳಿ. 10 ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಕಥೆ ಎಲ್ಲಾ ಬರೆದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ಹೆಸರು ಒಂದು, ಕೂತವನು ಇನ್ನೊಬ್ಬ ಅಂತ ಕಾಗದದಲ್ಲೇ ಗೊತ್ತಾದರೆ, ಒಳಬಾಡಿಗೆ ಕೊಡಬಾರದು ಅನ್ನುವ ಷರತ್ತು ಕರಾರಿನಲ್ಲಿದ್ದರೆ, ಮಳಿಗೆ ಬಿಡಿಸಲು ಅಷ್ಟು ಸಾಕು.

ಹೈಸ್ಕೂಲ್ ಟೀಚರ್:

ಎಲ್ಲರೂ ಅಂಗಡಿ ಬಗ್ಗೆ ಹೇಳಿದಿರಿ, ಹುಡುಗನ ಬಗ್ಗೆ ಒಂದು ಮಾತು. ಅಕ್ಕಾ, ಹೊಡೆಯಬೇಡಿ. ನಿಮ್ಮ ಹತ್ತಿರ ಅತ್ತಿದ್ದಾನೆ ಅಂದರೆ ಅವನಿಗೂ ಬಿಡಬೇಕು ಅಂತಿದೆ. ಅದರಲ್ಲಿ ಇರುವುದು ಬರೀ ನೀರಾವಿ ಅಂತ ಹುಡುಗರು ನಂಬಿದ್ದಾರೆ. ನೀರಲ್ಲ, ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ, ಅದರ ಜೊತೆ ನಿಕೋಟಿನ್. ಒಳಗಿನ ತಂತಿ ಸುರುಳಿ ಕಾದು ಆ ದ್ರವ ಹಬೆಯಾಗುತ್ತದೆ. ಬೀಡಿಯ ಹಾಗೆ ಗಂಟಲು ಸುಡುವುದಿಲ್ಲ, ಅದಕ್ಕೇ ಎಷ್ಟು ಎಳೆದೆ ಅನ್ನುವುದು ಗೊತ್ತಾಗುವುದಿಲ್ಲ. ಮೆದುಳು ಸುಮಾರು 25 ವರ್ಷದವರೆಗೆ ಬೆಳೆಯುತ್ತಿರುತ್ತದೆ, ಈ ವಯಸ್ಸಿನಲ್ಲಿ ನಿಕೋಟಿನ್ ಬೇಗ ಹಿಡಿಯುತ್ತದೆ. ಬಿಟ್ಟ ಮೊದಲ ವಾರ ಸಿಟ್ಟು, ನಿದ್ದೆ ಬಾರದಿರುವುದು, ಓದಲು ಮನಸ್ಸಿಲ್ಲದಿರುವುದು ಇರುತ್ತದೆ. ಅದನ್ನು ಸೊಕ್ಕು ಅಂದುಕೊಳ್ಳಬೇಡಿ.

1800-11-2356, ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಮನಸ್ಸು ತುಂಬಾ ಕುಗ್ಗಿದ್ದರೆ ಟೆಲಿ-ಮಾನಸ್ 14416, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಫೋನ್ ಅವನ ಕೈಗೆ ಕೊಟ್ಟು ನೀವು ಪಕ್ಕದ ಕೋಣೆಗೆ ಹೋಗಿ.

ಪಿಜಿ ಹುಡುಗ, ದಾವಣಗೆರೆ:

ಅಕ್ಕಾ, ನಾನು ಒಂದೂವರೆ ವರ್ಷ ಎಳೆದಿದ್ದೇನೆ. ಒಂದು ಕ್ಲಾಸ್ ಮುಗಿಯುವವರೆಗೂ ಕೂರಲು ಆಗುತ್ತಿರಲಿಲ್ಲ, ಟಾಯ್ಲೆಟ್ ಅಂತ ಎದ್ದು ಹೋಗುತ್ತಿದ್ದೆ. ಅಂಗಡಿ ಮುಚ್ಚಿದರೂ ಇನ್‌ಸ್ಟಾದಲ್ಲಿ ಮೆಸೇಜ್ ಮಾಡಿದರೆ ಕೊರಿಯರಿನಲ್ಲಿ ಬರುತ್ತದೆ, ಇದು ನಿಮಗೆ ಗೊತ್ತಿರಲಿ. ಆದರೂ ಅಂಗಡಿ ಮುಚ್ಚಿಸಿ. ಬಸ್ ಇಳಿದ ತಕ್ಷಣ ಸಿಗುವುದಕ್ಕೂ, ದುಡ್ಡು ಹಾಕಿ ನಾಲ್ಕು ದಿನ ಕಾಯುವುದಕ್ಕೂ ತುಂಬಾ ವ್ಯತ್ಯಾಸ ಇದೆ. ನಾನು ಬಿಟ್ಟಿದ್ದು ಹಾಗೆ ಕಾಯುತ್ತಿದ್ದ ನಾಲ್ಕು ದಿನದಲ್ಲೇ. ಸಂಜೆ ಹೊತ್ತು ಅವನನ್ನು ಒಬ್ಬನೇ ಬಿಡಬೇಡಿ, ನನಗೆ ಆಗ ಜಾಸ್ತಿ ಬೇಕು ಅನ್ನಿಸುತ್ತಿತ್ತು.

ಇಬ್ಬರು ಮಕ್ಕಳ ಅಮ್ಮ:

ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ಮೂರು ಅರ್ಜಿ ಸಿದ್ಧ ಮಾಡಿದೆ, ನನ್ನ ಅಕ್ಷರ ಸರಿಯಿಲ್ಲ ಅಂತ ಮಗನೇ ಕೂತು ಬರೆದುಕೊಟ್ಟ. ಮಳಿಗೆ ನಂಬರ್ ಅವನೇ ಹೇಳಿದ. ಸೀಲು ಹಾಕಲು ಮೊದಲು ಒಪ್ಪಲಿಲ್ಲ, ಹಾಕುವವರೆಗೂ ನಾನು ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ, ಮುಕ್ಕಾಲು ಗಂಟೆ ಆದ ಮೇಲೆ ಹಾಕಿದರು. ಠಾಣೆಗೆ ನಾಳೆ ನಮ್ಮ ಓಣಿಯ ಇನ್ನೂ ನಾಲ್ಕು ಜನ ತಾಯಂದಿರು ಬರುತ್ತೇವೆ ಅಂದಿದ್ದಾರೆ, ಅವರ ಮನೆಯಲ್ಲೂ ಇದೇ ಇದೆ ಅಂತ ನಾನು ಬಾಯಿಬಿಟ್ಟ ಮೇಲೆ ಗೊತ್ತಾಯಿತು. ಸಹಾಯವಾಣಿಗೆ ಅವನು ಇನ್ನೂ ಫೋನ್ ಮಾಡಿಲ್ಲ. ನಂಬರನ್ನು ಅವನ ಟೇಬಲ್ ಮೇಲೆ ಬರೆದಿಟ್ಟಿದ್ದೇನೆ, ತೆಗೆದು ಬಿಸಾಡಿಲ್ಲ.