ಪದಚರ್ಚೆ: ಅಕ್ಷರದ ‘ಎಳೆ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ನಾನು ಶಿವಮೊಗ್ಗದಲ್ಲಿ ಗ್ರಾಫಿಕ್ ಡಿಸೈನ್ ಓದುತ್ತಿದ್ದೇನೆ. ಊರು ಸಾಗರದ ಹತ್ತಿರ. ಕಾಲೇಜಿನ ಕೆಲಸದ ಜೊತೆಗೆ ನನ್ನದೇ ಒಂದು ಕೆಲಸ ಹಿಡಿದಿದ್ದೇನೆ. ನಮ್ಮ ಕಡೆಯ ದೀವರು ಸಮುದಾಯದವರು ಗೋಡೆಗೆ ಬರೆಯುವ ಹಸೆ ಚಿತ್ತಾರದ ಕೈಯಲ್ಲಿ ಕನ್ನಡ ಅಕ್ಷರ ಬರೆದರೆ ಹೇಗೆ ಕಾಣುತ್ತದೆ ಅನ್ನುವುದು ಅದರ ಹುರುಳು. ಬರೆದದ್ದಾಯಿತು. ಅದರ ಬಗ್ಗೆ ಕನ್ನಡದಲ್ಲಿ ಎರಡು ಪುಟ ವಿವರಿಸಲು ಕೂತಾಗ ಒಂದು ಪದದ ಹತ್ತಿರ ನಿಂತುಬಿಟ್ಟೆ.

ಕಂಪ್ಯೂಟರಿನಲ್ಲಿ ನಾವು ಸ್ಟ್ರೋಕ್ ಅನ್ನುತ್ತೇವಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನಬೇಕು? ಅಕ್ಷರದ ಬೇರೆ ಭಾಗಗಳಿಗೆ ಒಳ್ಳೊಳ್ಳೆಯ ಹೆಸರುಗಳಿವೆ. ತಲೆಕಟ್ಟು, ಕೊಂಬು, ಗುಡಿಸು, ಸುಳಿ, ಒತ್ತು. ಆದರೆ ತಲೆಕಟ್ಟಿನಿಂದ ಹೊರಟು ಕೆಳಗೆ ಹೊಟ್ಟೆ ಸುತ್ತಿ ಬರುವ ಆ ಒಂದೇ ಓಟಕ್ಕೆ? ರೇಖೆ ಅಂದರೆ ಗಣಿತದ ಪುಸ್ತಕ ನೆನಪಾಗುತ್ತದೆ. ಗೀಟು ಅಂದರೆ ತಪ್ಪನ್ನು ಹೊಡೆದುಹಾಕಿದ ಹಾಗೆ. ಗೆರೆ ಪರವಾಗಿಲ್ಲ, ಆದರೆ ಅದಕ್ಕೆ ದಪ್ಪ ಇಲ್ಲ. ಎರಡು ಜಾಗವನ್ನು ಬೇರೆ ಮಾಡುವುದಷ್ಟೇ ಅದರ ಕೆಲಸ ಅನಿಸುತ್ತದೆ.

ನನ್ನ ಅಜ್ಜಿ ಚಿತ್ತಾರಗಿತ್ತಿ. ಮದುವೆ ಮನೆಯಲ್ಲಿ ಮದುಮಕ್ಕಳು ಕೂರುವ ಹಸೆಗೋಡೆಗೂ, ಭೂಮಿ ಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೂ ಅವರೇ ಬರೆಯುತ್ತಿದ್ದರು. ಕೆಮ್ಮಣ್ಣು ಬಳಿದ ನೆಲದ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿಕಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಅವರ ಬಾಯಲ್ಲಿ ಗೆರೆ ಅನ್ನುವ ಮಾತೇ ಬರುವುದಿಲ್ಲ. ಎಲ್ಲವೂ ಎಳೆ. ಒಂದೆಳೆ, ಮೂರೆಳೆ, ಐದೆಳೆ. ನಾನು ಚಿಕ್ಕವಳಿದ್ದಾಗ ಕೈ ನಡುಗಿದರೆ ‘ಎಳೆ ಹರೀತು ನೋಡು ಮಾರಾಯ್ತಿ’ ಅನ್ನುತ್ತಿದ್ದರು. ಹರಿಯುವುದು ದಾರ ಅಲ್ವಾ? ಗೋಡೆಯ ಮೇಲಿನ ಬಣ್ಣವನ್ನು ಅವರು ದಾರ ಅಂತಲೇ ನೋಡುತ್ತಿದ್ದರು. ಸ್ಟ್ರೋಕಿಗೆ ಇದಕ್ಕಿಂತ ಹತ್ತಿರದ ಪದ ನನಗೆ ಕಾಣಲಿಲ್ಲ. ದಪ್ಪ ಇದೆ, ಓಟ ಇದೆ, ಎಣಿಸಲೂ ಬರುತ್ತದೆ. ಒಂದೆಳೆ ಪಾಕ, ಎರಡೆಳೆ ಸರ ಅನ್ನುತ್ತೇವಲ್ಲ, ಹಾಗೆ.

ಹಾಗಾಗಿ ಕೆಲಸಕ್ಕೆ ‘ಎಳೆ’ ಎಂದೇ ಹೆಸರಿಟ್ಟೆ. ತೊಡಕು ಬಂದದ್ದು ಆಮೇಲೆ. ಬೆಂಗಳೂರಿನ ಗೆಳತಿಯೊಬ್ಬಳು ಇದನ್ನು ಎಳೆ ಸೌತೆಯ ಎಳೆ ಅಂದುಕೊಂಡಳು. ಇನ್ನೂ ಬಲಿಯದ ಅಕ್ಷರಗಳು ಅನ್ನುವ ಅರ್ಥ ಅವಳಿಗೆ ಹೊಳೆದಿತ್ತು.

ಹಳಗನ್ನಡದಲ್ಲಿ ಈ ಗೊಂದಲ ಇರಲಿಲ್ಲ. ದಾರದ ಎಳೆಗೂ, ಹಗ್ಗ ಎಳೆ ಅನ್ನುವಾಗಿನ ಎಳೆಗೂ ೞ ಅನ್ನುವ ಬೇರೆಯೇ ಅಕ್ಷರ ಇತ್ತು: ಎೞೆ. ಎಳೆ ಸೌತೆಗೆ ಮಾತ್ರ ಈಗಿನ ಳ. ತಮಿಳಿನಲ್ಲಿ ಈ ಬೇರ್ಪಾಡು ಇನ್ನೂ ಉಳಿದಿದೆ. ನಮ್ಮಲ್ಲಿ ೞ ಬಿದ್ದುಹೋಗಿ ಮೂರೂ ಒಂದೇ ಆದವು. ನಮ್ಮ ಮಲೆನಾಡಿನ ಮಳೆಯೂ ಹಿಂದೆ ಮೞೆಯೇ. ಇದು ಗೊತ್ತಾದ ದಿನ ರಾತ್ರಿಯೆಲ್ಲ ಕೂತು ‘ಮೞೆ’ ಎಂದು ಮೂರೆಳೆಯಲ್ಲಿ ಬರೆದೆ. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಇಷ್ಟವಾದ ಹಾಳೆ ಅದು. ಕಂಪ್ಯೂಟರಿಗಾಗಿ ಎಲ್ಲ ಭಾಷೆಗಳ ಅಕ್ಷರಗಳನ್ನು ಪಟ್ಟಿ ಮಾಡಿದ ಯೂನಿಕೋಡಿನಲ್ಲಿ ಈ ೞ ಇದೆ, ಆದರೆ ಹೆಸರು ತಪ್ಪಾಗಿ ‘ಫ’ ಎಂದು ದಾಖಲಾಗಿದೆ. ಒಮ್ಮೆ ಕೊಟ್ಟ ಹೆಸರನ್ನು ಅಲ್ಲಿ ಬದಲಿಸುವ ಹಾಗಿಲ್ಲವಂತೆ. ನೋಡಿ ಬೇಸರವಾಯಿತು.

ಶಿಕಾರಿಪುರ ತಾಲೂಕಿನ ತಾಳಗುಂದಕ್ಕೂ ಹೋಗಿದ್ದೆ. ಅಲ್ಲಿನ ಕದಂಬರ ಕಂಬದ ಶಾಸನ 5ನೆಯ ಶತಮಾನದ್ದು. ಭಾಷೆ ಸಂಸ್ಕೃತ. ಅಕ್ಷರಗಳ ತಲೆಯ ಮೇಲೆ ಪುಟ್ಟ ಪುಟ್ಟ ಚೌಕ. ಶಾಸನದ ಕಾವ್ಯ ಬರೆದ ಕುಬ್ಜ ಎಂಬ ಕವಿಯೇ ಅದನ್ನು ಕಲ್ಲಿನಲ್ಲಿ ಕೆತ್ತಿದ್ದು. ಆದರೆ ಅಲ್ಲಿ ನೋಡಿದ್ದಕ್ಕೆ ಎಳೆ ಅನ್ನಲು ನನಗೆ ಮನಸ್ಸು ಬರಲಿಲ್ಲ. ಉಳಿ ಕಲ್ಲನ್ನು ತೆಗೆಯುತ್ತದೆ, ನಾರು ಬಣ್ಣವನ್ನು ಕೂರಿಸುತ್ತದೆ. ಎರಡಕ್ಕೂ ಒಂದೇ ಪದ ಸಾಕೇ?

ತಿಳಿದವರು ಹೇಳಿ. ನಿಮ್ಮ ಕಡೆ ರಂಗೋಲಿಗೆ, ಕಸೂತಿಗೆ, ಗೋಡೆ ಚಿತ್ರಕ್ಕೆ ಎಳೆ ಅನ್ನುತ್ತಾರೆಯೇ, ಬೇರೆ ಮಾತಿದೆಯೇ? ಬೋರ್ಡು ಬರೆಯುವವರು ಬ್ರಷ್ಷಿನ ಒಂದು ಓಟಕ್ಕೆ ಏನನ್ನುತ್ತಾರೆ? ಇನ್ನೊಂದು, ಎಳೆಗೆ ಯಾವ ಕ್ರಿಯಾಪದ ಸೇರಿಸಬೇಕು? ಗೆರೆಯನ್ನು ಎಳೆಯುತ್ತೇವೆ. ‘ಎಳೆ ಎಳೆದೆ’ ಅಂದರೆ ಕಿವಿಗೆ ಹಿತವಲ್ಲ. ಅಜ್ಜಿ ‘ಎಳೆ ಹಾಕು’ ಅನ್ನುತ್ತಿದ್ದರು. ಬರಹದಲ್ಲೂ ಹಾಗೇ ಇಟ್ಟುಕೊಳ್ಳಲೇ?